ಪಕ್ಕದ ಮನೆ ಹುಡುಗನ ಮುಡಿ

ನಾನು ಮುಂಗೋಪಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಈಗ ಹೇಳುವ ಸಂಗತಿಯಲ್ಲಿ ನಾನು ದೇವಸ್ಥಾನದ ಅಂಗಳದಲ್ಲಿ, ನೆಂಟರಿಷ್ಟರೆಲ್ಲ ನೋಡುತ್ತಿರುವಾಗ, ನನ್ನ ಅತ್ತೆಯ ಮೇಲೆ ಗಂಟಲು ಹರಿಯುವಂತೆ ಕಿರುಚಿದ್ದೇನೆ. ಕಿರುಚಿದ್ದಕ್ಕೆ ಇವತ್ತಿಗೂ ನನಗೆ ಬೇಜಾರಿಲ್ಲ. ಅದಕ್ಕೆ ಮುಂಚೆ ಬಾಯಿ ಬಿಡಬೇಕಾದ ಕಡೆ ಬಿಡದೆ ಇದ್ದೆನಲ್ಲ, ಅದಕ್ಕೆ ಬೇಜಾರಿದೆ.

ತೊಂಬತ್ತರ ದಶಕದ ನಡುಭಾಗ. ತುಮಕೂರಿನ ಒಂದು ಹೈಸ್ಕೂಲಿನಲ್ಲಿ ನಾನು ಹಿಂದಿ ಟೀಚರ್. ಯಜಮಾನರಿಗೆ ಕರೆಂಟ್ ಆಫೀಸಿನಲ್ಲಿ ಕೆಲಸ. ಮಗನಿಗೆ ಇನ್ನೇನು ಮೂರು ತುಂಬುವುದರಲ್ಲಿತ್ತು. ಮನೆಯ ಆಡಳಿತವೆಲ್ಲ ಅತ್ತೆಯದು. ಅತ್ತೆ ಹುಟ್ಟಿ ಬೆಳೆದದ್ದು ಹಾಗಲವಾಡಿಯ ಕಡೆ, ಓದು ಬರಹ ಇಲ್ಲ, ಆದರೆ ಯಾವ ಹಬ್ಬಕ್ಕೆ ಏನು ಅಡುಗೆ, ಯಾವ ದೇವರಿಗೆ ಯಾವ ವಾರ ಎಂಬುದೆಲ್ಲ ನಾಲಗೆಯ ತುದಿಯಲ್ಲಿತ್ತು. ಹೊಸಬರು ಯಾರೇ ಮನೆಗೆ ಬರಲಿ, ನೀರು ಕೊಟ್ಟು ಅವರು ಕೇಳುತ್ತಿದ್ದ ಮೊದಲ ಪ್ರಶ್ನೆ ಒಂದೇ: "ನಿಮ್ ಮನೆದೇವ್ರು ಯಾವ್ದವ್ವ?" ಅದು ಗೊತ್ತಾದರೆ ಮನುಷ್ಯರ ಬುಡ ಸಿಕ್ಕಿತು ಎಂದು ಅವರ ಲೆಕ್ಕ.

ನಮ್ಮ ಕಾಂಪೌಂಡಿನಲ್ಲಿ ಎರಡು ಮನೆಗಳಿದ್ದವು. ಇನ್ನೊಂದಕ್ಕೆ ಒಂದು ಸರ್ದಾರ್ಜಿ ಕುಟುಂಬ ಬಾಡಿಗೆಗೆ ಬಂತು. ಸರ್ದಾರ್ಜಿ ಲಾರಿ ಟ್ರಾನ್ಸ್‌ಪೋರ್ಟ್ ಕಂಪನಿಯೊಂದರ ಗೋಡೌನ್ ನೋಡಿಕೊಳ್ಳುತ್ತಿದ್ದರು, ತಿಂಗಳಲ್ಲಿ ಅರ್ಧದಷ್ಟು ದಿನ ಊರಲ್ಲಿರುತ್ತಿರಲಿಲ್ಲ. ಹೆಂಡತಿಗೆ ನನ್ನ ವಯಸ್ಸು. ನಾನು ಭಾಭಿ ಅಂದೆ, ಅವಳು ನನ್ನನ್ನು ದೀದಿ ಅಂದಳು. ಒಬ್ಬ ಮಗ, ನಾಲ್ಕು ದಾಟಿದವನು. ಬಂದ ಆರೇ ತಿಂಗಳಿಗೆ ಆ ಹುಡುಗ ಬೀದಿಯ ಮಕ್ಕಳ ಜೊತೆ ಸೇರಿ "ಏನ್ಲಾ, ಬಾರ್ಲಾ" ಅನ್ನುವಷ್ಟು ಕನ್ನಡ ಕಲಿತ. ಅವರಮ್ಮನಿಗೆ ಮಾತ್ರ "ಸಾಕು", "ಬೇಕು", "ಅಜ್ಜಿ ಚೆನ್ನಾಗಿದೀರಾ" ಬಿಟ್ಟರೆ ಬೇರೆ ಬರುತ್ತಿರಲಿಲ್ಲ. ಅತ್ತೆಗೂ ಅವಳಿಗೂ ನಡುವೆ ನಾನೇ ದುಭಾಷಿ. ಪಠ್ಯಪುಸ್ತಕದ ನನ್ನ ಹಿಂದಿ ಕೇಳಿ ಅವಳು ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದಳು.

ಮೊದಲ ದಿನವೇ ಅತ್ತೆಯ ಪ್ರಶ್ನೆ ಬಂತು. ನಾನು ಹಿಂದಿಯಲ್ಲಿ ಹೇಳಿದೆ. ಭಾಭಿ ಒಂದು ಬೆರಳು ಎತ್ತಿ ತೋರಿಸಿದಳು. ಒಬ್ಬನೇ ಅಂದಳು.

"ಒಬ್ನೇ ಸರಿ, ಅವ್ನ ಹೆಸ್ರೇನು ಕೇಳೇ."

ಹೆಸರು ಎಷ್ಟು ಬೇಕಾದರೂ ಇವೆ, ಯಾವುದರಿಂದ ಕರೆದರೂ ನಡೆಯುತ್ತೆ ಅಂದಳು.

"ಗುಡಿ ಯಾವ ಊರಲ್ಲೈತೆ? ಮೂರ್ತಿ ನಿಂತಿರೋದಾ, ಕೂತಿರೋದಾ?"

ಮೂರ್ತಿ ಇಲ್ಲ, ಅವನಿಗೆ ರೂಪವೇ ಇಲ್ಲ ಅಂದಳು ಭಾಭಿ. ಅತ್ತೆ ಕೆನ್ನೆಗೆ ಕೈ ಇಟ್ಟುಕೊಂಡರು. "ಅಯ್ಯೋ ಶಿವನೇ, ಹೆಂಡ್ತಿ ಮಕ್ಳೂ ಇಲ್ವಾ ಪಾಪ?" ನಾನು ಅದನ್ನು ಮಾತ್ರ ಹಿಂದಿಗೆ ತರಲಿಲ್ಲ.

ಭಾಭಿಯ ಮನೆ ಬಾಗಿಲ ಮೇಲೆ ಒಂದು ಹಿತ್ತಾಳೆಯ ಬಿಲ್ಲೆ ಇತ್ತು. ಒಂದು ಅನ್ನುವ ಅಂಕಿ, ಅದಕ್ಕೆ ಅಂಟಿಕೊಂಡಂತೆ ಓಂಕಾರ, ಮೇಲೆ ಕಮಾನಿನ ಹಾಗೆ ಒಂದು ಗೆರೆ. ಒಳಗೆ ಬಿಳಿ ಗಡ್ಡದ ಗುರುವಿನ ಒಂದು ಪಟ. ಏನು ಬರೆದಿದೆ ಎಂದು ಭಾಭಿಯಿಂದ ತಿಳಿದು ಅತ್ತೆಗೆ ಹೇಳಿದೆ. ಅವರು ಆ ಬಿಲ್ಲೆಯನ್ನು ಬಹಳ ಹೊತ್ತು ನೋಡಿ, "ಓಂ ನಮ್ದೇ ಅಲ್ವೇನೇ? ಮುಂದೆ ಒಂದು ಅಂತ ಯಾಕ್ ಬರ್ದವ್ರೆ?" ಅಂದರು. ಒಲೆಯ ಮೇಲೆ ಹಾಲು ಇಟ್ಟು ಬಂದಿದ್ದೆ, ಸ್ಕೂಲಿಗೆ ಹೊತ್ತಾಗುತ್ತಿತ್ತು. "ದೇವ್ರು ಒಬ್ನೇ ಅಂತ ಅತ್ತೆ. ಅವ್ರದೂ ನಮ್ದೂ ಒಂದೇ ದೇವ್ರು. ಈಗ ಬನ್ನಿ, ಹಾಲು ಉಕ್ಕುತ್ತೆ" ಅಂದೆ.

ದೇವರೊಬ್ಬನೇ ಎಂದು ನಾವೆಲ್ಲ ಸಾಮಾನ್ಯವಾಗಿ ಮಾತು ಮುಗಿಸಲಿಕ್ಕೆ ಹೇಳುತ್ತೇವೆ. ನಾನೂ ಅದಕ್ಕೇ ಹೇಳಿದ್ದು. ಅತ್ತೆ ಅದನ್ನು ಮನಸ್ಸಿಗೆ ಹಾಕಿಕೊಂಡರು. ಅವರಿಗೆ ಅದು ಹೊಸದೇನೂ ಅಲ್ಲ. ದೇವರ ಗೂಡಿನಲ್ಲಿ ಇಪ್ಪತ್ತು ಪಟ ಇಟ್ಟು ಇಪ್ಪತ್ತಕ್ಕೂ ಹೂವು ಮುಡಿಸುತ್ತಿದ್ದ ಹೆಂಗಸು ದಿನವೂ ಕೈ ಮುಗಿದು ಏಳುವಾಗ, "ಎಲ್ರೂ ಸೇರಿ ಒಬ್ರೇ ಆಗಿ ಕಾಪಾಡ್ರಪ್ಪ" ಅನ್ನುತ್ತಿದ್ದರು. ಪಕ್ಕದ ಮನೆಯವರೂ ಅದೇ ಒಬ್ಬನ ಕಡೆಯವರು ಅಂದಮೇಲೆ ಅವರು ನಮ್ಮವರೇ ಆಗಿಬಿಟ್ಟರು.

ನನ್ನ ಮಗನಿಗೆ ಹುಟ್ಟುಗೂದಲು ಹಾಗೇ ಇತ್ತು. ನಮ್ಮಲ್ಲಿ ಮನೆದೇವರಿಗೆ ಮುಡಿ ಕೊಡುವ ತನಕ ಮಗುವಿನ ತಲೆಗೆ ಕತ್ತರಿ ತಾಗಿಸುವುದಿಲ್ಲ. ಅದು ದೇವರಿಗೆ ಬಿಟ್ಟ ಕೂದಲು. ಒಂದು, ಮೂರು, ಐದು ಹೀಗೆ ಬೆಸ ವರ್ಷದಲ್ಲಿ ದೇವಸ್ಥಾನಕ್ಕೆ ಕರೆದುಕೊಂಡು ಹೋಗಿ, ಸೋದರಮಾವನ ತೊಡೆಯ ಮೇಲೆ ಕೂರಿಸಿ, ತಲೆ ಬೋಳಿಸಿ, ಕೂದಲನ್ನು ದೇವರಿಗೆ ಒಪ್ಪಿಸಬೇಕು. ಬೆಸ ವರ್ಷ ತಪ್ಪಿದರೆ ಮತ್ತೆ ಎರಡು ವರ್ಷ ಕಾಯಬೇಕು. ಹಾಗಾಗಿ ನನ್ನ ಮಗ ಎರಡು ಜಡೆ ಹಾಕಿಕೊಂಡು ಓಡಾಡುತ್ತಿದ್ದ. ಪಕ್ಕದ ಮನೆ ಹುಡುಗನದು ಇನ್ನೂ ಉದ್ದ, ಬಿಚ್ಚಿದರೆ ಸೊಂಟ ಮುಟ್ಟುತ್ತಿತ್ತು. ಅವರಮ್ಮ ನೆತ್ತಿಯ ಮೇಲೆ ಗಂಟು ಹಾಕಿ ಸಣ್ಣ ಬಟ್ಟೆ ಕಟ್ಟುತ್ತಿದ್ದಳು. ಭಾನುವಾರ ಬೆಳಿಗ್ಗೆ ಇಬ್ಬರನ್ನೂ ಮೆಟ್ಟಿಲ ಮೇಲೆ ಕೂರಿಸಿಕೊಂಡು, ಕೊಬ್ಬರಿ ಎಣ್ಣೆ ಹಚ್ಚಿ ಬಾಚುವುದು ಅತ್ತೆಯ ಕೆಲಸವಾಯಿತು. "ಅಲ್ಲಾಡ್ಬೇಡ ಕಣ್ಲಾ, ಒದೀತೀನಿ" ಎಂದು ಗದರುತ್ತಾ, ಸಿಕ್ಕು ಬಿಡಿಸುವಾಗ ಮಾತ್ರ ಬುಡವನ್ನು ಗಟ್ಟಿಯಾಗಿ ಹಿಡಿದು ನೋವಾಗದಂತೆ ನೋಡಿಕೊಳ್ಳುತ್ತಿದ್ದರು.

ಒಂದು ಭಾನುವಾರ ಕೇಳಿದರು: "ಇವ್ನಿಗೆ ಐದು ತುಂಬ್ತಾ ಬಂತು. ಇನ್ನೂ ಮುಡಿ ಕೊಟ್ಟಿಲ್ವಲ್ಲೇ?"

ನಾನು ಪರೀಕ್ಷೆಯ ಪೇಪರು ತಿದ್ದುತ್ತಿದ್ದೆ. ತಲೆ ಎತ್ತದೆ, "ಅವ್ರಲ್ಲಿ ಅದೆಲ್ಲ ಇಲ್ಲ ಅತ್ತೆ" ಅಂದೆ.

ಅಷ್ಟೇ ಅಂದದ್ದು. ಅವರಲ್ಲಿ ಹುಟ್ಟಿದಾಗಿನಿಂದ ಸಾಯುವ ತನಕ ಕೂದಲು ತೆಗೆಯುವುದಿಲ್ಲ, ಅದು ಅವರ ಧರ್ಮ, ಸರ್ದಾರ್ಜಿಯ ಪೇಟದ ಒಳಗೂ ಅಷ್ಟುದ್ದ ಕೂದಲಿದೆ ಎಂದು ಇನ್ನೆರಡು ಮಾತು ಹೇಳಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಅತ್ತೆ ಸರ್ದಾರ್ಜಿಯನ್ನು ಪೇಟವಿಲ್ಲದೆ ನೋಡಿದ್ದೇ ಇಲ್ಲ. ತಮ್ಮೂರಿನ ಹಿರಿಯರು ಸುತ್ತುವ ರುಮಾಲಿನಂತೆಯೇ ಅದೂ ಅಂದುಕೊಂಡಿದ್ದರು. ನನ್ನ ಅರ್ಧ ಮಾತಿನಿಂದ ಅವರಿಗೆ ಅರ್ಥವಾದದ್ದು ಬೇರೆ. ಪಾಪ, ದೂರದ ಊರಿಂದ ಬಂದವರು, ಹೇಳಿಕೊಡಲು ಮನೆಯಲ್ಲಿ ದೊಡ್ಡವರಿಲ್ಲ, ಕರೆದುಕೊಂಡು ಹೋಗಲು ಹತ್ತಿರದಲ್ಲಿ ಗುಡಿಯಿಲ್ಲ, ಮಗುವಿನ ಕೂದಲು ಹಾಗೇ ಉಳಿದುಬಿಟ್ಟಿದೆ.

ನಮ್ಮ ಮನೆದೇವರು ಒಬ್ಬ ಅಮ್ಮ. ಗುಡಿ ಇರುವುದು ಕುಣಿಗಲ್ ದಾಟಿ ಅಮೃತೂರಿನ ಆಚೆ. ಮಗನ ಮುಡಿಗೆ ಒಂದು ಭಾನುವಾರ ಗೊತ್ತು ಮಾಡಿ ಮಟಡೋರ್ ವ್ಯಾನ್ ಮಾತಾಡಿದೆವು. ಸೋದರಮಾವ ಅಂದರೆ ನನ್ನ ತಮ್ಮ, ಗುಬ್ಬಿಯಿಂದ ಹಿಂದಿನ ದಿನವೇ ಬಂದಿಳಿದ. ಬೆಳಿಗ್ಗೆ ಹೊರಡುವ ಹೊತ್ತಿಗೆ ಪಕ್ಕದ ಮನೆ ಹುಡುಗ ತಾನೂ ಬರುತ್ತೇನೆಂದು ವ್ಯಾನಿನ ಬಾಗಿಲು ಹಿಡಿದು ಗೋಳೋ ಎಂದು ಅತ್ತ. ಭಾಭಿ ಆಗ ಎಂಟು ತಿಂಗಳ ಬಸುರಿ, ಅವಳು ಬರುವಂತಿರಲಿಲ್ಲ. ಸರ್ದಾರ್ಜಿ ಊರಲ್ಲಿರಲಿಲ್ಲ. ಅವಳು ಮಗನ ಕೈಯನ್ನು ನನ್ನ ಕೈಗೆ ಕೊಟ್ಟು, "ದೀದಿ, ನೀವಿದ್ದೀರಲ್ಲ, ನನಗೆ ಭಯವಿಲ್ಲ" ಅಂದಳು. ಅತ್ತೆಯ ಮುಖದಲ್ಲಿ ಒಂದು ಕಳ್ಳನಗು ಇದ್ದದ್ದನ್ನು ನಾನು ನೋಡಿದೆ, ಯಾಕೆಂದು ಯೋಚಿಸಲಿಲ್ಲ.

ಹೆಬ್ಬೂರು ದಾಟುವ ಹೊತ್ತಿಗೆ ಮಕ್ಕಳಿಬ್ಬರೂ ಒಬ್ಬರ ಮೇಲೊಬ್ಬರು ಒರಗಿ ನಿದ್ದೆ ಹೋಗಿದ್ದರು. ಗುಡಿ ತಲುಪಿದ ಮೇಲೆ ನನಗೆ ಉಸಿರಾಡಲೂ ಬಿಡುವಿಲ್ಲ. ಮೊದಲು ನನ್ನ ಮಗನ ಮುಡಿ ಆಯಿತು. ಅವನು ತನ್ನ ಮಾವನ ತೊಡೆಯ ಮೇಲೆ ಒದ್ದಾಡಿ, ಕೂಗಾಡಿ, ಕೊನೆಗೆ ಬೋಳು ತಲೆಗೆ ಗಂಧ ಬಳಿಸಿಕೊಂಡು ಬಾಳೆಹಣ್ಣು ತಿನ್ನುತ್ತಾ ಕೂತ. ನಾನು ತಂಬಿಟ್ಟಿನ ಆರತಿ ಹೊತ್ತು ಗುಡಿ ಸುತ್ತಲು ಹೋದೆ. ಮೂರು ಸುತ್ತು. ಮೂರನೆಯದು ಮುಗಿಸಿ ಅಂಗಳಕ್ಕೆ ತಿರುಗುತ್ತೇನೆ, ಬೇವಿನ ಮರದ ಕೆಳಗೆ ನನ್ನ ತಮ್ಮ ಮತ್ತೆ ಚಕ್ಕಳಮಕ್ಕಳ ಹಾಕಿ ಕೂತಿದ್ದಾನೆ. ತೊಡೆಯ ಮೇಲೆ ಪಕ್ಕದ ಮನೆ ಹುಡುಗ. ತಲೆಯ ಬಟ್ಟೆ ಬಿಚ್ಚಿದೆ, ಗಂಟು ಬಿಚ್ಚಿದೆ, ಅಷ್ಟುದ್ದದ ಕೂದಲು ಒದ್ದೆಯಾಗಿ ಬೆನ್ನ ಮೇಲೆ ಇಳಿದಿದೆ. ಪಕ್ಕದಲ್ಲಿ ತಟ್ಟೆ, ತಟ್ಟೆಯಲ್ಲಿ ಇನ್ನೊಂದು ತೆಂಗಿನಕಾಯಿ, ವೀಳ್ಯದೆಲೆ, ಒಂದು ಹೊಸ ಅಂಗಿ ಚಡ್ಡಿ. ಮೊದಲ ಎಳೆ ಕತ್ತರಿಸುವುದು ಸೋದರಮಾವನ ಹಕ್ಕು, ತಮ್ಮನ ಕೈಯಲ್ಲಿ ಕತ್ತರಿ. ಕ್ಷೌರದವನು ಕತ್ತಿಗೆ ಹೊಸ ಬ್ಲೇಡು ಸಿಕ್ಕಿಸುತ್ತಿದ್ದಾನೆ. ಅತ್ತೆ ಕೂದಲು ಹಿಡಿಯಲು ಸೆರಗೊಡ್ಡಿ ನಿಂತಿದ್ದಾರೆ.

"ಮುಟ್ಟಬೇಡ!" ಎಂದು ನಾನು ಕಿರುಚಿದೆ. ಆರತಿ ತಟ್ಟೆಯನ್ನು ಎಲ್ಲಿ ಇಟ್ಟೆನೋ ಗೊತ್ತಿಲ್ಲ. ಓಡಿ ಹೋಗಿ ತಮ್ಮನ ಕೈಯಿಂದ ಕತ್ತರಿ ಕಿತ್ತು ಎಸೆದೆ. ಹುಡುಗನನ್ನು ಎತ್ತಿ ಸೊಂಟಕ್ಕೆ ಹಾಕಿಕೊಂಡೆ.

ಅತ್ತೆಗೆ ರೇಗಿತು. "ಏನೇ ಇದು ರಾಕ್ಷಸಿ ಥರ? ಅಮ್ಮನ ಮುಂದೆ ಕೂಗಾಡ್ತೀಯಲ್ಲೇ!"

"ಅವ್ರು ಕೂದ್ಲು ತೆಗ್ಯಲ್ಲ ಅತ್ತೆ! ಯಾವತ್ತೂ ತೆಗ್ಯಲ್ಲ! ನಿಮಗ್ಯಾರು ಹೇಳಿದ್ರು ಇದನ್ನೆಲ್ಲ ಮಾಡೋಕೆ? ಅವ್ರಮ್ಮನ್ನ ಕೇಳಿದ್ರಾ?"

"ಕೇಳುದ್ರೆ ಸಂಕೋಚ ಪಟ್ಕೊಂಡು ಬ್ಯಾಡ ಅಂತಿದ್ಲು. ಬಸ್ರಿ ಹೆಂಗ್ಸು, ತಿಳಿದ್ರೆ ಖುಷಿ ಪಡ್ತಾಳೆ ಅಂತ ಮಾಡ್ದೆ. ಈ ಸಲ ಬಿಟ್ರೆ ಏಳಕ್ಕೇ ಅಲ್ವೇನೇ ಬರೋದು?"

"ಏಳಕ್ಕೂ ಇಲ್ಲ, ಎಪ್ಪತ್ತಕ್ಕೂ ಇಲ್ಲ!"

ಅತ್ತೆ ನನ್ನನ್ನೇ ನೋಡಿದರು. "ದೇವ್ರು ಒಬ್ನೇ, ಅವ್ರದೂ ನಮ್ದೂ ಒಂದೇ ಅಂತ ಅಂದೋಳು ನೀನೇ ತಾನೆ? ಒಂದೇ ಆದ್ಮೇಲೆ ಅವ್ನ ಕೂದ್ಲು ನಮ್ಮಮ್ಮಂಗೆ ಯಾಕ್ ಆಗಲ್ಲ? ಹೇಳು."

ಹತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವಳು ಆ ಬೇವಿನ ಮರದ ಕೆಳಗೆ ಪೆಚ್ಚಾಗಿ ನಿಂತೆ. ಅತ್ತೆ ಇನ್ನೊಂದು ಮಾತು ಹೇಳಿದರು, ಈಗ ಅವರ ದನಿ ಸಣ್ಣದಾಗಿತ್ತು: "ಅಮ್ಮನ ಮುಂದೆ ಹೇಳ್ಕೊಂಡ್ಬುಟ್ಟಿದೀನಿ ಕಣೇ. ಈ ಮಗೀನ ಮುಡಿ ನಿಂಗೆ ಅಂತ. ಕೊಡ್ದೇ ಹೋಗಿ ಮಗೀಗೆ ಏನಾರ ಆದ್ರೆ?"

ವಾಪಸು ಬರುವಾಗ ವ್ಯಾನಿನಲ್ಲಿ ಹುಡುಗ ನನ್ನ ಮಡಿಲಲ್ಲಿದ್ದ. ಅವನ ಕೂದಲನ್ನು ಗಂಟು ಹಾಕಲು ನನಗೆ ಬರಲಿಲ್ಲ. ಕುಣಿಗಲ್‌ನಿಂದ ತುಮಕೂರಿನ ತನಕ ಒಂದೊಂದೇ ಎಳೆಯನ್ನು ಬೆರಳಲ್ಲಿ ಹಿಡಿದು ತುದಿ ನೋಡಿದೆ. "ಒಂದು ಕೂದ್ಲೂ ತೆಗೆದಿಲ್ಲ ಕಣಕ್ಕಾ, ನಿನ್ನಾಣೆ" ಎಂದು ತಮ್ಮ ಮೂರು ಸಲ ಹೇಳಿದ. ಆದರೂ ನೋಡುತ್ತಲೇ ಇದ್ದೆ.

ಭಾಭಿ ಗೇಟಿನ ಹತ್ತಿರವೇ ನಿಂತಿದ್ದಳು. ಮಗನ ಕೂದಲು ಬಿಚ್ಚಿರುವುದು ಕಂಡು ಅವಳ ನಗು ಅಲ್ಲೇ ನಿಂತಿತು. ನಾನು ಮುಚ್ಚಿಡಲಿಲ್ಲ. ನಡೆದದ್ದೆಲ್ಲ ಹೇಳಿದೆ, ನನ್ನ ತಪ್ಪನ್ನು ಮೊದಲು ಹೇಳಿದೆ. ಅವಳು ಮೆಟ್ಟಿಲ ಮೇಲೆ ಕೂತು ಮಗನ ಕೂದಲಲ್ಲಿ ಬೆರಳಾಡಿಸಿದಳು. "ಕತ್ತರಿ ತಾಗಿತೇ?" ಎಂದು ಒಂದೇ ಮಾತು ಕೇಳಿದಳು. ಇಲ್ಲ, ನನ್ನ ಮಗನ ಮೇಲಾಣೆ ಅಂದೆ. ಅವಳು ಹುಡುಗನ ತಲೆಯನ್ನು ಎದೆಗೆ ಒತ್ತಿಕೊಂಡು ಒಳಗೆ ಹೋದಳು. ಬಾಗಿಲು ಹಾಕಿಕೊಂಡ ಸದ್ದು ಕೇಳಿಸಿತು.

ಮೂರು ದಿನ ಆ ಬಾಗಿಲು ನಮ್ಮ ಕಡೆ ತೆರೆಯಲಿಲ್ಲ. ಹುಡುಗ ಆಟಕ್ಕೆ ಬರಲಿಲ್ಲ. ನನ್ನ ಮಗ ಬೋಳು ತಲೆ ಹೊತ್ತುಕೊಂಡು ಕಾಂಪೌಂಡಿನಲ್ಲಿ ಒಬ್ಬನೇ ಸುತ್ತುತ್ತಿದ್ದ. ಅತ್ತೆ ಊಟ ಬಿಟ್ಟರು. ಬೆಳಿಗ್ಗೆ ಒಂದು ಲೋಟ ರಾಗಿ ಗಂಜಿ, ಅಷ್ಟೇ. ಪಟದ ಮುಂದೆ ಕೂತು, "ನನ್ ಬಾಯಿ ಸುಮ್ನಿರ್ದೆ ಹೇಳ್ಕೊಂಡೆ ತಾಯಿ, ನನ್ನೇ ಹಿಡ್ಕೋ, ಮಗೀನ ಬುಟ್ಬುಡು" ಎಂದು ಬೇಡಿಕೊಳ್ಳುತ್ತಿದ್ದರು. ಅವರನ್ನು ಹಾಗೆ ನೋಡಿದ ಮೇಲೆ ಅವರ ಮೇಲಿನ ಸಿಟ್ಟೆಲ್ಲ ನನ್ನ ಮೇಲೆ ತಿರುಗಿತು. ಅವರು ಮಾಡಿದ್ದು ಪ್ರೀತಿಯಿಂದ. ನಾನು ಉದಾಸೀನ ಮಾಡಿದ್ದೆ. ಎರಡರಲ್ಲಿ ಯಾವುದು ದೊಡ್ಡ ತಪ್ಪು ಎಂದು ಯಾರಾದರೂ ಕೇಳಿದ್ದರೆ ನಾನು ನನ್ನ ಕಡೆಗೇ ಕೈ ತೋರಿಸುತ್ತಿದ್ದೆ.

ನಾಲ್ಕನೆಯ ದಿನ ಬೆಳಿಗ್ಗೆ, ನಾನು ಸ್ಕೂಲಿಗೆ ಸೀರೆ ಉಡುತ್ತಿದ್ದೆ, ಪಕ್ಕದ ಮನೆಯ ಬಾಗಿಲು ತೆರೆದ ಸದ್ದಾಯಿತು, ಹೊರಗೆ ಬಂದೆ. ಭಾಭಿ ಒಂದು ಕೈಯಲ್ಲಿ ಮಗನನ್ನು, ಇನ್ನೊಂದು ಕೈಯಲ್ಲಿ ಎಣ್ಣೆ ಬಟ್ಟಲು, ಬಾಚಣಿಗೆ ಹಿಡಿದು ಬಂದಳು. ಅತ್ತೆ ಮೆಟ್ಟಿಲ ಮೇಲೆ ಕೂತಿದ್ದರು, ಎದ್ದು ಒಳಗೆ ಹೋಗಲು ನೋಡಿದರು. ಭಾಭಿ ಅವರ ಭುಜ ಹಿಡಿದು ಕೂರಿಸಿದಳು. ಹುಡುಗನನ್ನು ಅವರ ಮುಂದೆ ಕೂರಿಸಿ, ತಾನೇ ಅವನ ಗಂಟು ಬಿಚ್ಚಿ, ಬಾಚಣಿಗೆಯನ್ನು ಅತ್ತೆಯ ಕೈಗಿಟ್ಟಳು.

ಆ ಕ್ಷಣದ ನೆಮ್ಮದಿಯನ್ನು ನನ್ನ ಮಗ ಹುಟ್ಟಿದ ದಿನ ಬಿಟ್ಟರೆ ಬೇರೆ ಯಾವತ್ತೂ ಕಂಡಿಲ್ಲ.

ಅತ್ತೆ ಬಾಚಣಿಗೆ ಹಿಡಿದರೂ ಕೈ ಆಡಿಸಲಿಲ್ಲ. "ಕೇಳೇ ಅವ್ಳನ್ನ. ಯಾಕ್ ತೆಗ್ಯಲ್ಲ ಅಂತ ಸರಿಯಾಗಿ ಕೇಳು. ಈ ಸಲ ಪೂರ್ತಿ ಹೇಳು" ಅಂದರು.

ಕೇಳಿದೆ. ಭಾಭಿ ನಿಧಾನವಾಗಿ ಹೇಳಿದಳು, ನಾನು ಒಂದಕ್ಷರ ಬಿಡದೆ ಕನ್ನಡಕ್ಕೆ ತಂದೆ. ಈ ಕೂದಲು ನಮ್ಮದಲ್ಲ ಅಜ್ಜಿ. ಅವನು ಕೊಟ್ಟದ್ದು, ಅವನದೇ. ನಾವು ಅದನ್ನು ಬಾಚಿ, ಕಟ್ಟಿ, ಶುದ್ಧವಾಗಿ ಇಟ್ಟುಕೊಳ್ಳುತ್ತೇವೆ ಅಷ್ಟೇ. ಕತ್ತರಿಸುವ ಹಕ್ಕು ನಮಗಿಲ್ಲ. ಸಾಯುವ ತನಕ ಅವನ ಗುರುತು ನಮ್ಮ ತಲೆಯ ಮೇಲೆ ಇರುತ್ತದೆ.

ಅತ್ತೆ ಕೂದಲಿನ ತುದಿಯನ್ನು ಅಂಗೈಯಲ್ಲಿ ಹಿಡಿದು ನೋಡಿದರು. ಆಮೇಲೆ ಕೇಳಿದರು: "ಅಂದ್ರೆ ಇದು ದೇವ್ರಿಗೆ ಬಿಟ್ಟಿರೋ ಕೂದ್ಲು?"

"ಹೌದು ಅತ್ತೆ."

"ಹುಟ್ಟಿದಾಗ್ಲೇ ಬಿಟ್ಟಿರೋದು?"

"ಹೌದು."

"ಆ ಒಬ್ನಿಗೇ?"

ನಾನು ಕೇಳುವ ಮೊದಲೇ ಭಾಭಿಗೆ ಅರ್ಥವಾಯಿತು. ಒಂದು ಬೆರಳು ಎತ್ತಿದಳು.

ಅತ್ತೆಯ ಮುಖ ಸಡಿಲವಾಯಿತು. "ಹಂಗಾದ್ರೆ ಆಗ್ಲೇ ಕೊಟ್ಟಾಗೈತಲ್ಲೇ! ನಾವು ಮೂರು ವರ್ಸ ಬಿಟ್ಟು ಒಂದಿನ ತೆಗ್ದು ಕೊಡ್ತೀವಿ, ಇವ್ರು ಕೊಟ್ಬುಟ್ಟು ತಲೆ ಮೇಲೇ ಇಟ್ಕೊಂಡವ್ರೆ. ಕೊಟ್ಟಿರೋದನ್ನ ಕಿತ್ತು ಮತ್ತೆ ಕೊಡಕ್ಕೆ ಹೋಗಿದ್ನಲ್ಲ, ನನ್ ಬುದ್ಧಿಗಿಷ್ಟು!" ಅಂದರು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಕೈ ಮಾತ್ರ ಸಿಕ್ಕು ಬಿಡಿಸತೊಡಗಿತ್ತು. ಹುಡುಗ, "ಅಜ್ಜಿ, ನೋವಾಗ್ತದೆ" ಅಂದ. "ಅಲ್ಲಾಡ್ಬೇಡ ಕಣ್ಲಾ, ಒದೀತೀನಿ" ಅಂದರು ಅತ್ತೆ. ಆ ಮಧ್ಯಾಹ್ನ ಅತ್ತೆ ಎರಡು ಮುದ್ದೆ ಉಂಡರೆಂದು, ಊಟಕ್ಕೆ ಮನೆಗೆ ಬಂದಿದ್ದ ಯಜಮಾನರು ಸಂಜೆ ಹೇಳಿದರು.

ಬೇವಿನ ಮರದ ಕೆಳಗೆ ಅತ್ತೆ ಕೇಳಿದ ಪ್ರಶ್ನೆಗೆ ಉತ್ತರ ನನಗೆ ಆವತ್ತು ಸಿಕ್ಕಿತು. ದೇವರು ಒಬ್ಬನೇ ಅಂದಮಾತ್ರಕ್ಕೆ ಕೊಡುವ ರೀತಿ ಒಂದೇ ಆಗಬೇಕಿಲ್ಲ. ನಮ್ಮ ಅಮ್ಮನಿಗೆ ಮೂಗುತಿ ಇದೆ, ಅವರ ದೇವರಿಗೆ ಮೂಗೇ ಇಲ್ಲ. ಅತ್ತೆಗೆ ಮೂರ್ತಿ ಇಲ್ಲದೆ ಆಗದು, ಭಾಭಿಗೆ ಮೂರ್ತಿ ಬೇಡ. ಆ ವ್ಯತ್ಯಾಸವನ್ನು ಅವರಿಬ್ಬರೂ ಆಮೇಲೆ ಯಾವತ್ತೂ ಅಳಿಸಲು ಹೋಗಲಿಲ್ಲ.

ಮಾರನೆಯ ವರ್ಷ ಅಮ್ಮನ ಗುಡಿಗೆ ಎಲ್ಲರೂ ಹೋದೆವು. ಭಾಭಿಯೂ ಬಂದಳು, ಅವಳ ಕಂಕುಳಲ್ಲಿ ಎಂಟು ತಿಂಗಳ ಹೆಣ್ಣುಮಗು. ಅವಳು ತಲೆಯ ಮೇಲೆ ಸೆರಗು ಹೊದ್ದು ಹೊರಗಿನ ಮಂಟಪದಲ್ಲೇ ಕಣ್ಣು ಮುಚ್ಚಿ ಕೂತಳು. ಅತ್ತೆ ಅವಳನ್ನು ಒಳಗೆ ಬಾ ಎಂದು ಎಳೆಯಲಿಲ್ಲ. "ಮಗನ್ನ ಒಂದು ಗಳಿಗೆ ಕರ್ಕೊಂಡು ಹೋಗ್ಲಾ ಅಂತ ಕೇಳೇ" ಅಂದರು ನನಗೆ. ಕೇಳಿದೆ. ಅವಳು ನಕ್ಕು ತಲೆಯಾಡಿಸಿದಳು.

ಅತ್ತೆ ಹುಡುಗನ ಕೈ ಹಿಡಿದು ಗರ್ಭಗುಡಿಯ ಮುಂದೆ ನಿಂತರು. ಅವನ ತಲೆಯ ಗಂಟು, ಅದರ ಮೇಲಿನ ಕೇಸರಿ ಬಟ್ಟೆ ಎಲ್ಲ ಅಚ್ಚುಕಟ್ಟಾಗಿತ್ತು. ಅಮ್ಮನನ್ನು ನೋಡಿ, ಮನೆಯವರ ಹತ್ತಿರ ಮಾತಾಡುವ ದನಿಯಲ್ಲೇ ಹೇಳಿದರು: "ನೋಡ್ಕೋ ತಾಯಿ. ನಿನ್ ಕೂದ್ಲು. ಅವ್ರಮ್ಮ ಒಂದೆಳೆ ಕಳೀದಂಗೆ ಭದ್ರವಾಗಿ ಇಟ್ಟವ್ಳೆ. ನಾನ್ ಹೇಳ್ಕೊಂಡಿದ್ದು ಇಲ್ಲಿಗೆ ತೀರ್ತು."

ಪೂಜಾರಿ ಅರ್ಚನೆಗೆಂದು ತಟ್ಟೆ ತೆಗೆದುಕೊಂಡು, ಹುಡುಗನ ತಲೆಯ ಬಟ್ಟೆಯನ್ನೇ ನೋಡುತ್ತಾ ಕೇಳಿದ, "ಈ ಮಗೀನ ಮನೆದೇವ್ರು ಯಾವ್ದಮ್ಮ?"

ನಾನು ಪೂರ್ತಿಯಾಗಿ, ಸರಿಯಾಗಿ ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅತ್ತೆ ಒಂದು ಬೆರಳು ಎತ್ತಿ ತೋರಿಸಿದರು.